ಓರೆ ಪಟ್ಟಿಯ ಗಾಲಿ

12 ಜೂನ್ 1982, ಶನಿವಾರ. ಸಂಜೆ

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಹಳೇ ಕಲ್ಟಿವೇಟರಿನ ತುಕ್ಕು ಉಜ್ಜುತ್ತಾ ಕೂತೆ. ಕೈಗೆ ಇಂಥ ಕೆಲಸ ಕೊಟ್ಟರೆ ತಲೆ ಸುಮ್ಮನಿರುವುದಿಲ್ಲ. ಇವತ್ತು ಬರೆದೇ ಬಿಡುತ್ತೇನೆ — ನಮ್ಮ ಅಂಗಡಿಯ ಹೊಸ ಹುಡುಗ ತಿರುಪತಿಯ ಬೆಸುಗೆ ನನ್ನದಕ್ಕಿಂತ ಚೆನ್ನಾಗಿದೆ.

ಅವನು ನೂರಸಾಬ ಚಾಚಾನ ವೆಲ್ಡಿಂಗ್ ಅಂಗಡಿಗೆ ಬಂದ ಮೊದಲ ವಾರವೇ ನನಗೆ ಗೊತ್ತಾಗಿತ್ತು. ಚಳಿಗಾಲದಿಂದ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವನು ರಾಡು ಹಿಡಿದರೆ ಬೆಸುಗೆ ಒತ್ತಾಗಿ ಹೆಣೆದ ಜಡೆಯಂತೆ ಕೂರುತ್ತದೆ. ನನ್ನದೂ ಗಟ್ಟಿ. ಮುರಿಯುವುದಿಲ್ಲ. ನೋಡಲು ಮಾತ್ರ ಗೋಡೆಗೆ ಸಗಣಿ ಬಡಿದಂತೆ.

ಒಂಬತ್ತನೇ ಇಯತ್ತೆ ಬಿಟ್ಟು ಇಲ್ಲಿಗೆ ಬಂದವನು ನಾನು. ನಾಲ್ಕು ವರ್ಷ ಈ ಗಂಗಾವತಿಯ ಬಿಸಿಲಲ್ಲಿ ಕಬ್ಬಿಣ ಕೊಯ್ದಿದ್ದೇನೆ. ಅವನು ತಾವರಗೇರಾದವನು. ಅಲ್ಲಿ ಬರೀ ಜೋಳ, ಸಜ್ಜೆ. ನೀರು ನಿಂತ ಗದ್ದೆಯನ್ನೇ ನೋಡಿರಲಿಲ್ಲ. ಬಂದ ದಿನ ನನ್ನನ್ನೇ ಕೇಳಿದ್ದ, "ಅಣ್ಣಾ, ಭತ್ತ ಮುಳುಗಿ ಸಾಯೂದಿಲ್ಲೇನು?"

ಅವನು ಅಣ್ಣಾ ಅಂದಾಗಲೆಲ್ಲ ಮೈ ಉರಿಯುತ್ತದೆ. ಮರ್ಯಾದೆಯಿಂದಲೇ ಅನ್ನುತ್ತಾನೆ. ಅದಕ್ಕೇ ಉರಿಯುತ್ತದೆ.

15 ಜೂನ್, ಮಂಗಳವಾರ

ಮರಳಿ ಊರಿನ ರೈತ ವಿರುಪಣ್ಣ ಬಂದಿದ್ದ. ಕಾಲುವೆಗೆ ನೀರು ಬಿಡುವುದರೊಳಗೆ ಕೇಜ್‌ವೀಲ್ ಬೇಕಂತೆ.

"ನೂರಸಾಬ, ನನ್ನ ಟ್ರ್ಯಾಕ್ಟರ್ ಗದ್ದ್ಯಾಗ ಇಳದ್ರ ಮುದಿ ಎಮ್ಮಿ ಹಂಗ ಕುಂತಬಿಡತೈತಿ. ಏಳಂದ್ರ ಏಳೂದಿಲ್ಲ."

"ಎಲ್ಲಾರಿಗೂ ಕೊಟ್ಟಂಗ ಒಂದು ಜೋಡಿ ಕೊಡ್ತೀನಿ ಬಿಡ್ರಿ."

"ಅದು ಬ್ಯಾಡ. ಕಂಪ್ಲಿ ಕಡೆ ನೋಡಿ ಬಂದೀನಿ. ಪಟ್ಟಿ ಓರೆ ಅದಾವ. ಮಣ್ಣು ಮೆತ್ತೂದಿಲ್ಲ, ಟ್ರ್ಯಾಕ್ಟರ್ ಕುಣಿಯೂದಿಲ್ಲ. ಅಂಥಾವು ಮಾಡ್ರಿ."

ನಾವು ಈವರೆಗೆ ಮಾಡಿದ್ದೆಲ್ಲ ನೆಟ್ಟನೆಯ ಪಟ್ಟಿಯದು. ಎರಡು ದೊಡ್ಡ ಕಬ್ಬಿಣದ ಬಳೆ, ನಡುವೆ ಏಣಿಯ ಮೆಟ್ಟಿಲಿನಂತೆ ಪಟ್ಟಿ. ರಬ್ಬರ್ ಗಾಲಿಯ ಮಗ್ಗುಲಿಗೆ ಬೋಲ್ಟ್ ಹಾಕಿ ಬಿಗಿದರೆ ಟ್ರ್ಯಾಕ್ಟರ್ ಕೆಸರಲ್ಲಿ ಹೂಳುವುದಿಲ್ಲ. ಓರೆ ಪಟ್ಟಿ ಗಂಗಾವತಿಯಲ್ಲಿ ಯಾರೂ ಮಾಡಿಲ್ಲ. ಚಾಚಾ ಗಡ್ಡ ಕೆರೆದುಕೊಂಡು ಒಪ್ಪಿದ.

ಬರುವ ವಾರ ರಂಜಾನ್‌ನ ರೋಜಾ ಉಪವಾಸ ಶುರು. ಬಾಯಾರಿದ ಗಂಟಲಲ್ಲಿ ಚಾಚಾ ಬೆಂಕಿಯ ಮುಂದೆ ಕೂರುವುದಿಲ್ಲ. "ಒಂದೊಂದು ಗಾಲಿ ಒಬ್ಬೊಬ್ರು ಮಾಡ್ರಿ" ಅಂದ. "ನೋಡೂಣು ಯಾರ ಕೈ ಹೆಂಗೈತಿ ಅಂತ."

"ಗದ್ದಿಗೆ ಇಳಿಯೂವಾಗ ಯಾರು ಏರೂದು ಚಾಚಾ?" ಕೇಳಿಯೇ ಬಿಟ್ಟೆ.

"ಮಾಡು ಮೊದಲ. ಆಮ್ಯಾಲ ಹೇಳ್ತೀನಿ."

ನಮ್ಮ ಅಂಗಡಿಯ ಪದ್ಧತಿ ಅದು. ಹೊಸ ಜೋಡಿ ಮೊದಲ ದಿನ ಕೆಸರಿಗೆ ಇಳಿಯುವಾಗ ಮಾಡಿದವನು ಮಡ್‌ಗಾರ್ಡ್ ಮೇಲೆ ಕೂತು ಒಂದು ಸುತ್ತು ಹೋಗಬೇಕು. ಗಾಲಿ ಮುರಿದರೆ ಅವನೂ ಬೀಳಲಿ ಅಂತ. ಹೊಲದವನು ಕಾಯಿ ಒಡೆದು, ಮೇಸ್ತ್ರಿ ಏರ್ರಿ, ಅನ್ನುತ್ತಾನೆ. ಅವತ್ತಿನಿಂದ ಊರೆಲ್ಲ ಅವನನ್ನು ಮೇಸ್ತ್ರಿ ಅನ್ನುತ್ತದೆ. ಈವರೆಗೆ ಏರಿದವನು ಚಾಚಾ ಒಬ್ಬನೇ.

ಈ ಸಲ ನಾನು ಏರಬೇಕು.

21 ಜೂನ್, ಸೋಮವಾರ

ಅವ್ವನಿಗೆ ಹೇಳಬಾರದಿತ್ತು. ಹೇಳಿದೆ. ಅವಳು ನಾಟಿಯ ಗುಂಪಿನಲ್ಲೆಲ್ಲ ಸಾರಿ ಬಂದಿದ್ದಾಳೆ — ಈ ಸಲ ವಿರುಪಣ್ಣನ ಗದ್ದೆಯಲ್ಲಿ ನನ್ನ ಮಗ ಟ್ರ್ಯಾಕ್ಟರ್ ಏರುತ್ತಾನೆ ಅಂತ. ಸಾಲೆ ಬಿಟ್ಟ ದಿನದಿಂದ ನನ್ನ ವಿಷಯ ಎಲ್ಲೂ ಎತ್ತದವಳು.

ಚಾಚಾ ಸಿಮೆಂಟ್ ನೆಲದ ಮೇಲೆ ಸುಣ್ಣದ ತುಂಡಿನಿಂದ ದುಂಡಗೆ ಗೆರೆ ಎಳೆದು, ಪಟ್ಟಿ ಎಷ್ಟು ಓರೆ ಬರಬೇಕೆಂದು ಗುರುತು ಹಾಕಿ ಕೊಟ್ಟ. ಆ ಗೆರೆಯ ಮೇಲೆ ಬೆಳಿಗ್ಗೆ ತಿರುಪತಿ, ಊಟದ ಮೇಲೆ ನಾನು. ನನ್ನ ಗಾಲಿಯ ಮುಂದೆ ಗೋಣಿತಟ್ಟಿನ ಪರದೆ ಕಟ್ಟಿದೆ. ಅವನ ಗಾಲಿ ಕಣ್ಣಿಗೆ ಬಿದ್ದರೆ ನನ್ನ ಬೆಸುಗೆ ಕೆಡುತ್ತದೆ. ಅದು ಸತ್ಯ. ಅವನಿಗೆ ಮಾತ್ರ, ಕಿಡಿ ಹಾರುತ್ತವೆ, ಅಂದೆ. ಇದೊಂದು ಸುಳ್ಳು ಹೇಳಿದ್ದು ಮನಸ್ಸಿನಲ್ಲಿ ಚುಚ್ಚುತ್ತಿದೆ.

ಮಧ್ಯಾಹ್ನ ಚಾಚಾನ ಹೆಂಡತಿ ತಾಜಬೀ ಚಾಚಿ ರೊಟ್ಟಿ, ಪುಂಡಿಪಲ್ಯ ತಂದಳು. ತಿರುಪತಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ನನಗೆ — "ಗಾಳ್ಯಾ, ಆ ಕೈ ನೋಡು, ಮಸಿ ಬಟ್ಟಲಾಗ ಅದ್ದಿದಂಗ ಐತಿ. ತೊಳಕೊಂಡ ಬಾ, ಇಲ್ಲಾಂದ್ರ ತಾಟ ಕಸಗೊಂತೀನಿ." ಎಲ್ಲರ ಮುಂದೆ.

ಅವನ ಕೈಯೂ ಅಷ್ಟೇ ಕಪ್ಪಗಿತ್ತು.

2 ಜುಲೈ, ಶುಕ್ರವಾರ

ನನ್ನ ಗಾಲಿ ಮುಗಿಯಿತು. ಅವನದು ನಿನ್ನೆಯೇ. ಚಾಚಾ ಕಬ್ಬಿಣ ತರಲು ಹೊಸಪೇಟೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ.

ಒಂದೊಂದು ಬೆಸುಗೆಯನ್ನೂ ಫೈಲ್ ಹಾಕಿ ಉಜ್ಜಿದೆ. ಈ ಸಲ ಚೆನ್ನಾಗಿಯೇ ಕೂತಿವೆ. ಪರದೆ ಸರಿಸಿ, ಕೊನೆಗೆ, ಅವನದನ್ನೂ ನೋಡಿದೆ.

ಉಜ್ಜಿಯೇ ಇಲ್ಲ ಅವನು. ಉಜ್ಜುವ ಅಗತ್ಯವೇ ಇರಲಿಲ್ಲ.

3 ಜುಲೈ, ಶನಿವಾರ. ಮಧ್ಯಾಹ್ನ

ಬೆಳಿಗ್ಗೆ ಮಳೆ ಬಂದು ಅಂಗಳವೆಲ್ಲ ಕೆಸರು. ಬಣ್ಣ ಹೊಡೆಯುವ ಮೊದಲು ತೊಳೆಯೋಣವೆಂದು ಇಬ್ಬರೂ ಗಾಲಿ ಉರುಳಿಸಿಕೊಂಡು ಬೋರ್‌ವೆಲ್ ಹತ್ತಿರ ಹೋದೆವು. ತಿರುಪತಿ ಬಕೆಟ್ ತರಲು ಹೋದ. ಹಿಂದಕ್ಕೆ ತಿರುಗಿ ನೋಡಿದೆ. ಕೆಸರಲ್ಲಿ ಎರಡು ಸಾಲು ಗುರುತು.

ಎರಡೂ ಒಂದೇ ಕಡೆಗೆ ಓರೆ.

ಎತ್ತಿನ ಎರಡು ಕೊಂಬಿನಂತೆ ಒಂದು ಎಡಕ್ಕೆ, ಒಂದು ಬಲಕ್ಕೆ ವಾಲಬೇಕು. ಆಗ ಇದು ಅತ್ತ ನೂಕಿದರೆ ಅದು ಇತ್ತ ನೂಕಿ ಟ್ರ್ಯಾಕ್ಟರ್ ನೆಟ್ಟಗೆ ಹೋಗುತ್ತದೆ. ಎರಡೂ ಒಂದೇ ಕಡೆಯಾದರೆ ಜಾರಿ ಜಾರಿ ಒಡ್ಡಿಗೆ ಹೋಗಿ ಬಡಿಯುತ್ತದೆ. ನನ್ನ ಗಾಲಿಯನ್ನು ಮಗುಚಿ, ಹಿಂದುಮುಂದು ಮಾಡಿ ಮತ್ತೆ ಉರುಳಿಸಿದೆ. ಅದೇ ಗುರುತು. ಹೇಗೆ ತಿರುವಿದರೂ ಅದೇ.

ಒಂದೇ ಗೆರೆಯ ಮೇಲೆ ಇಬ್ಬರೂ ಮಾಡಿದೆವು. ಒಬ್ಬರದನ್ನೊಬ್ಬರು ನೋಡಲಿಲ್ಲ. ಎರಡನ್ನೂ ಒಂದು ಸಲ ಪಕ್ಕಪಕ್ಕ ಇಟ್ಟಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ಪರದೆ ಕಟ್ಟಿದವನು ನಾನು.

ತಿರುಪತಿ ಬಕೆಟ್ ತಂದು ಶಿಳ್ಳೆ ಹಾಕುತ್ತಾ ತೊಳೆಯತೊಡಗಿದ. ಅವನಿಗೆ ಏನೂ ಕಂಡಿರಲಿಲ್ಲ.

ಒಂದರ ಪಟ್ಟಿಯನ್ನೆಲ್ಲ ಕಿತ್ತು ಮತ್ತೆ ಹಚ್ಚಬೇಕು. ಕೊಯ್ಯದೆ ಉಳಿದ ಗಾಲಿ ಯಾರದೋ ಅವನನ್ನೇ ಚಾಚಾ ಟ್ರ್ಯಾಕ್ಟರ್ ಏರಿಸುತ್ತಾನೆ. ಸುಮ್ಮನಿದ್ದರೆ ಇಬ್ಬರೂ ಕೆಡುತ್ತೇವೆ, ಹೇಳಿದರೆ ಒಬ್ಬ. ಸುಮ್ಮನಿರಲು ಎಷ್ಟು ಮನಸ್ಸಾಯಿತು ಅಂತ ಇಲ್ಲಿ ಬರೆದಿಡುತ್ತೇನೆ — ಭಾಳ.

ಅದೇ ದಿನ, ಸಂಜೆ

ಚಾಚಾ ಬಂದ. ಹೇಳಿದೆ. ಕುಕ್ಕರಗಾಲಲ್ಲಿ ಕೂತು ಕೆಸರಿನ ಗುರುತಿನ ಮೇಲೆ ಬೆರಳಾಡಿಸಿದ. ರೋಜಾ, ಬಿಸಿಲು, ಲಾರಿ ಪ್ರಯಾಣ — ತುಟಿ ಬಿರಿದಿದ್ದವು.

"ಗೆರಿ ಹಾಕಿದಾವ ನಾನು. ಒಂದಽ ಹಾಕಿ ಹೋಗೀನಿ. ನಿಮ್ಮನ್ನೇನು ಬೈಯ್ಯಲಿ" ಅಂದ. ಎರಡೂ ಗಾಲಿ ತಟ್ಟಿ ನೋಡಿ, "ಒಂದು ಕೊಯ್ಯಬೇಕು. ಯಾವುದು?"

ತಿರುಪತಿ ತಡಮಾಡಲಿಲ್ಲ. "ನಂದು ಕೊಯ್ಯೂಣು ಚಾಚಾ. ಅಣ್ಣ ನನಗಿಂತ ಮೊದಲ ಬಂದಾವ."

ಬಿಟ್ಟುಕೊಡುವುದರಲ್ಲೂ ಅವನೇ ಮುಂದೆ. ಆ ಗಳಿಗೆಯಲ್ಲಿ ಅವನ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಚಾಚಾ ನನ್ನನ್ನೇ ನೋಡಿದ. "ಗಾಳ್ಯಾ, ನೀ ಹೇಳು."

ಹೂಂ ಅಂದರೆ ಸಾಕಿತ್ತು. ಅವ್ವ ಗುಂಪಿನವರ ಮುಂದೆ ತಲೆ ಎತ್ತುತ್ತಿದ್ದಳು.

"ಅವಂದು ಉಳೀಲಿ. ಅವನ ಕೈ ನನ್ನ ಕೈಗಿಂತ ಛಲೋ ಐತಿ. ನಂದು ಕೊಯ್ರಿ."

ಚಾಚಾ ಎದ್ದು ಧೂಳು ಕೊಡವಿಕೊಂಡ. "ಹಂಗಾದ್ರ ಅದಽ ಆಗಲಿ."

ಇಲ್ಲ ಗಾಳ್ಯಾ, ನಿಂದೂ ಛಲೋ ಐತಿ ಅಂತ ಅನ್ನಬಹುದಿತ್ತು ಚಾಚಾ. ಅನ್ನಲಿಲ್ಲ.

5 ಜುಲೈ, ಸೋಮವಾರ

ಕೊಯ್ದೆ. ನಾನೇ ಉಜ್ಜಿ ಉಜ್ಜಿ ನುಣುಪು ಮಾಡಿದ ಬೆಸುಗೆ. ತಿರುಪತಿ ಉಳಿ, ಸುತ್ತಿಗೆ ಹಿಡಿದು ಬಂದ. "ಮುಟ್ಟಬ್ಯಾಡ" ಅಂದೆ. ಹೋದ.

ನನ್ನ ಬೆಸುಗೆ ಕೀಳಲು ಭಾಳ ಕಷ್ಟವಾಯಿತು. ಅಷ್ಟು ಗಟ್ಟಿ. ಅದೊಂದು ಸಮಾಧಾನ, ಅದೂ ನನಗೇ ಎದುರಾಗಿ.

ಮತ್ತೆ ಹಚ್ಚುವಾಗ ಪಟ್ಟಿಯ ಆ ತುದಿ ಹಿಡಿಯಲು ಒಬ್ಬರು ಬೇಕೇ ಬೇಕು. ಕರೆದೆ. ಬಂದು ಹಿಡಿದ. ಕೊನೆಯ ಪಟ್ಟಿಯವರೆಗೂ ಹಿಡಿದೇ ಇದ್ದ. ಗೋಣಿತಟ್ಟನ್ನು ಅವನೇ ಬಿಚ್ಚಿ ಮಡಿಸಿಟ್ಟ.

9 ಜುಲೈ, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ.

ಕಾಲುವೆಗೆ ನೀರು ಬಂದಿದೆ. ವಿರುಪಣ್ಣ ಕಾಯಿ ಒಡೆದ. "ಮೇಸ್ತ್ರಿ, ಏರ್ರಿ" ಅಂದ, ಯಾರಿಗೆ ಅನ್ನಬೇಕೆಂದು ತಿಳಿಯದೆ ಇಬ್ಬರ ನಡುವೆ ನೋಡುತ್ತಾ. ತಿರುಪತಿ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. ಚಾಚಾ ಅವನ ಬೆನ್ನು ತಟ್ಟಿ ಎಡಗಡೆ ಮಡ್‌ಗಾರ್ಡ್ ಮೇಲೆ ಕೂರಿಸಿದ.

ಟ್ರ್ಯಾಕ್ಟರ್ ನೆಟ್ಟಗೆ ಹೋಯಿತು. ದಾರ ಎಳೆದಂತೆ. ಕುಣಿಯಲಿಲ್ಲ. ತಿರುಪತಿಯ ಹಲ್ಲಿಗೂ ಕೆಸರು, ನಗುತ್ತಿದ್ದ. ಬಲಗಡೆ ನನ್ನ ಗಾಲಿ ತಿರುಗುತ್ತಿತ್ತು. ಆ ಕಡೆ ಮಡ್‌ಗಾರ್ಡ್ ಖಾಲಿ.

ಅವ್ವ ಸಸಿಯ ಕಟ್ಟು ಹಿಡಿದು ಒಡ್ಡಿನ ಮೇಲೆ ನಿಂತಿದ್ದಳು. ನಾಟಿಯ ಗುಂಪಿನ ಯಮನೂರಮ್ಮ ಕೇಳಿಯೇ ಬಿಟ್ಟಳು, "ಹಂಪವ್ವಾ, ನಿನ್ನ ಮಗ ಏರತಾನ ಅಂದಿದ್ದಿಯಲ್ಲಾ? ಇಲ್ಲೇ ನಿಂತಾನಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನಿಂದು ಯಾವ ಗಾಲಿ?"

"ಬಲಗಡೀದು. ಕೊಯ್ದು ಮತ್ತ ಹಚ್ಚಿದ್ದು."

"ಎರಡ ಸಲ ಮಾಡಿದ್ದೇನು?"

"ಹೂಂ."

ಯಮನೂರಮ್ಮನಿಗೆ ಹೇಳಿದಳು, "ಕೇಳಿದ್ಯಾ? ನನ್ನ ಮಗ ಎರಡ ಸಲ ಮಾಡ್ಯಾನ." ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ತಿಳಿಯದೆ ಅಂದಳೋ, ತಿಳಿದೇ ಅಂದಳೋ… ಕೇಳಲಿಲ್ಲ.

24 ಜುಲೈ, ಶನಿವಾರ

ಇಷ್ಟು ದಿನ ಬರೆದಿಲ್ಲ. ಬರೆದರೆ ಅದೇ ಬರುತ್ತದೆ. ಮರಳಿಯಿಂದ, ಸಾಣಾಪುರದಿಂದ ಜನ ಬಂದು, "ತಿರುಪತಿ ಮೇಸ್ತ್ರಿ ಎಲ್ಲದಾರ?" ಅಂತ ನನ್ನನ್ನೇ ಕೇಳುತ್ತಾರೆ. ವೆಲ್ಡಿಂಗ್ ಹೋಲ್ಡರ್ ದಿನವಿಡೀ ಅವನ ಕೈಯಲ್ಲಿ. ನಾನು ಕೊಯ್ದು ಕೊಡುತ್ತೇನೆ.

ನಿನ್ನೆ ರಂಜಾನ್ ಹಬ್ಬ. ಚಾಚಿ ಇಬ್ಬರಿಗೂ ಶ್ಯಾವಿಗೆಯ ಸುರಕುಂಬಾ ಕೊಟ್ಟಳು. ನಾನು ಬಟ್ಟಲು ತೊಳೆಯದೆ ಇಟ್ಟಿದ್ದಕ್ಕೆ ಹಬ್ಬದ ದಿನವೂ ಬೈದಳು. ಆಮೇಲೆ ಬೇವಿನ ಕೆಳಗೆ ತಿರುಪತಿ ಅಂದ,

"ಅಣ್ಣಾ, ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ."

ಕೈಯಲ್ಲಿದ್ದ ಬೀಡಿ ಬಿತ್ತು. "ನನ್ನ ನೋಡಿ? ಯಾಕ?"

"ಚಾಚಿ ನಿನಗ ದಿನಾ ಬೈತಾಳ. ನನಗ ಒಮ್ಮಿನೂ ಬೈದಿಲ್ಲ. ಕೇಳದಽ ರೊಟ್ಟಿ ಹಾಕ್ತಾಳ, ಬೀಗರಿಗೆ ಹಾಕಿದಂಗ. ಮನಿ ಹುಡುಗರಿಗೆ ಅಲ್ಲೇನು ಬೈಯೂದು?" ಬೇವಿನ ಕಡ್ಡಿ ಮುರಿಯುತ್ತಾ, "ಮತ್ತ ಆ ಗಾಲಿ ಗುರುತು. ನನ್ನ ಕಣ್ಣಿಗೆ ಕಾಣಲೇ ಇಲ್ಲ. ನೀ ಒಮ್ಮಿ ತಿರುಗಿ ನೋಡಿದಿ, ಗೊತ್ತಾತು. ಅವತ್ತ ನನಗ ನಿದ್ದಿ ಬರಲಿಲ್ಲ."

ಕೇಳಿ ಎಷ್ಟು ಖುಷಿಯಾಯಿತೆಂದರೆ ಬರೆಯಲು ನಾಚಿಕೆಯಾಗುತ್ತದೆ. ಅವನೂ ನನ್ನ ಹಾಗೆಯೇ ಹೊರಳಾಡಿದ್ದಾನೆ. ಆ ಖುಷಿಯಲ್ಲಿ ಅವನ ಊರಿನ ಮಾತು ಕೇಳಿದೆ. ತಾವರಗೇರಾದಲ್ಲಿ ಈಗ ಟ್ರ್ಯಾಕ್ಟರ್ ಬಂದಿವೆಯಂತೆ, ಹಿಂದೆ ಕಟ್ಟಲು ಕುಂಟೆ ಇಲ್ಲವಂತೆ. ಎತ್ತಿನ ಕುಂಟೆಯನ್ನೇ ಹಗ್ಗ ಹಾಕಿ ಎಳೆಯುತ್ತಾರಂತೆ, ಮುರಿಯುತ್ತದಂತೆ. ಅವನ ಸೋದರಮಾವ ಹುಚ್ಚೀರಪ್ಪನ ಕಮ್ಮಾರಸಾಲೆ ಇದೆ. ವೆಲ್ಡಿಂಗ್ ಬಲ್ಲವರಿಲ್ಲ.

"ನೀ ಯಾಕ ಹೋಗಲಿಲ್ಲ?"

"ಇಲ್ಲಿ ಗದ್ದಿ ನೋಡಿದಮ್ಯಾಲ ಹೋಗಾಕ ಮನಸಿಲ್ಲ ಅಣ್ಣಾ."

25 ಜುಲೈ, ಭಾನುವಾರ

ಚಾಚಾನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಇಲ್ಲಿದ್ದರೆ ದಿನಾ ಅವನ ಬೆಸುಗೆ ನೋಡಬೇಕು, ಆಗುವುದಿಲ್ಲ, ತಾವರಗೇರಾದಲ್ಲಿ ಹುಚ್ಚೀರಪ್ಪನ ಕಮ್ಮಾರಸಾಲೆಗೆ ಹೋಗುತ್ತೇನೆ, ಅಂತ. ಬೇರೆ ಕಾರಣ ಕಟ್ಟಬಹುದಿತ್ತು. ಕಟ್ಟಲಿಲ್ಲ.

ಚಾಚಾ ನಕ್ಕ. "ಗಟ್ಟಿ ಬೆಸುಗಿ ಅಲ್ಲಿ ಬೇಕು ಗಾಳ್ಯಾ. ಒಣ ಎರಿ ಭೂಮಿ ಅದು, ಜಗ್ಗಿ ಜಗ್ಗಿ ಮುರೀತೈತಿ. ನಿನ್ನ ಬೆಸುಗಿ ಕೀಳೂದು ನೋಡೀನಲ್ಲ ನಾನು." ಹಳೇ ವೆಲ್ಡಿಂಗ್ ಸೆಟ್ಟು ಕೊಡುತ್ತಾನಂತೆ, ಹಿಂದಿನಿಂದ ಲಾರಿಯಲ್ಲಿ.

ಇದನ್ನು ಮೂರು ವಾರ ಮೊದಲು ಅಂದಿದ್ದರೆ ಏನಾಗುತ್ತಿತ್ತು.

ಅವ್ವ ಎರಡು ಅಂಗಿ ಒಗೆದು ಹಾಕಿದಳು. ತಿರುಪತಿಯ ಅವ್ವ ಮುದಕಮ್ಮನ ಮನೆಯಲ್ಲಿ ಊಟ ಅಂತ ಗೊತ್ತಾದ ಮೇಲೆ ಊಟದ ಚಿಂತೆ ಬಿಟ್ಟಳು.

ಚಾಚಿಗೆ ಹೇಳಲು ಹೋದೆ. ಬಾಗಿಲಲ್ಲೇ ಹಿಡಿದುಕೊಂಡಳು. "ಹೋಗ ಹೋಗ, ಅಲ್ಲಿ ಯಾರು ನಿನಗ ಕೈ ತೊಳಿ ಅಂತಾರ, ಹಂಗಽ ತಿಂದು ಬ್ಯಾನಿ ಬಿದ್ದು ಬಾ. ಮೆದುಳಿಲ್ಲದ ಹುಡುಗ. ಸೆಟ್ಟ ಹೊಂಟೈತಂತ, ಕಣ್ಣಿಗೆ ಹಿಡಿಯೂ ಕರೀ ಗ್ಲಾಸ್ ತಗೊಂಡಿಯೋ ಇಲ್ಲೋ?" ಭಾಳ ಹೊತ್ತು ಬೈದಳು.

ತಿರುಪತಿ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನ ಮುಖ ನೋಡಿದೆ. ಬೇಕೆಂದೇ ನೋಡಿದೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತಾವರಗೇರಾಕ್ಕೆ ಹೊರಡುತ್ತೇನೆ.