ಕೆರೆ ದಂಡೇಲಿ ಇಪ್ಪತ್ತು ನಿಮಿಷ

೧೪ ಮಾರ್ಚ್, ಶುಕ್ರವಾರ, ಚನ್ನರಾಯಪಟ್ಟಣ

ಸಿಟ್ಟು ಇನ್ನೂ ಇಳಿದಿಲ್ಲ. ವಿಯೆಟ್ನಾಂಗೆ ನಾವಿಬ್ಬರೇ ಹೋಗೋಣ ಅಂತ ಎರಡು ತಿಂಗಳು ಕೂತು ರೈಲು, ರೂಮು, ನೋಡೋ ಜಾಗ ಎಲ್ಲ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ. ನಮ್ಮನೆಯವರು ಅದನ್ನ ತಗೊಂಡೋಗಿ ಹಾಸನದ ಟೂರಿನವನ ಕೈಗೆ ಕೊಟ್ಟು ಬಂದಿದ್ದಾರೆ!

"ಅಡಿಗೆಯವನೂ ಜತೇಲೇ ಬತ್ತಾನೆ ಕಣೇ, ದಿನಾ ಮುದ್ದೆ ಸಾರು. ನುಗ್ಗೇಹಳ್ಳಿ ದೊಡ್ಡಮ್ಮನ ಮನೆಯವ್ರೂ ಸೇರ್ಕೊಂಡವ್ರೆ. ಇನ್ನೇನ್ ಬೇಕು ನಿಂಗೆ?"

ಮುದ್ದೆ ತಿನ್ನೋಕೆ ವಿಯೆಟ್ನಾಂಗಂಟ ಹೋಗಬೇಕಾ?

ಟೂರಿನವನು ನಾನು ಬರೆದಿದ್ದನ್ನೇ ಅಚ್ಚು ಹಾಕ್ಸಿ ನಲವತ್ತು ಜನಕ್ಕೆ ಹಂಚಿದ್ದಾನೆ. ಐದನೇ ದಿನ ಹನೋಯ್ ಕೆರೆ ದಂಡೇಲಿ ಇಬ್ಬರೇ ಕೂರೋಕೆ ಅಂತ ಒಂದಿಡೀ ಸಂಜೆ ಖಾಲಿ ಬಿಟ್ಟಿದ್ದೆ. ಅಲ್ಲೀಗ ಹೀಗಿದೆ: "ಕೆರೆ ದಂಡೆಯಲ್ಲಿ ಸುಮ್ಮನೆ ಕೂರುವುದು, ಇಪ್ಪತ್ತು ನಿಮಿಷ. ಎಲ್ಲರೂ ಕೆಂಪು ಟೋಪಿ ಹಾಕಿರತಕ್ಕದ್ದು."