ದೊಡ್ಡಪ್ಪನ ಫಲಕದಲ್ಲಿ ನನ್ನ ಮುಖ

ನಾಮಫಲಕ ವಿಭಾಗದ ಮಾನ್ಯ ಅಧಿಕಾರಿಗಳೇ,

ನಾನು ಸತ್ತಿಲ್ಲ. ಮರ್ಫಿ ಟೌನಿನ ನಮ್ಮ ಅಡ್ಡರಸ್ತೆಯಲ್ಲಿ ತಾವು ನಿಲ್ಲಿಸಿರುವ ‘ಹುತಾತ್ಮ ಯೋಧ ಅಪ್ಪಣ್ಣ ರಸ್ತೆ’ ಫಲಕದಲ್ಲಿ ಕನ್ನಡಕ ಹಾಕಿಕೊಂಡು, ಎರಡೆರಡು ಗದ್ದ ಇಟ್ಟುಕೊಂಡು ನಗುತ್ತಿರುವವನು ಅರ್ಜಿದಾರನಾದ ನಾನು. ಅಪ್ಪಣ್ಣ ನನ್ನ ದೊಡ್ಡಪ್ಪ. ರಸ್ತೆಗೆ ಅವರ ಹೆಸರಿಡಲು ಕೊಟ್ಟ ಅರ್ಜಿಯ ಜೊತೆ ಯೋಧನದೊಂದು, ಅರ್ಜಿದಾರನದೊಂದು ಫೋಟೊ ಕೇಳಿದ್ದಿರಿ. ಎರಡರಲ್ಲಿ ಯುದ್ಧಕ್ಕೆ ಹೋದ ಮುಖ ಯಾವುದೆಂದು ಗುರುತಿಸುವುದು ಅಷ್ಟು ಕಷ್ಟವಾಯಿತೇ? ಹಲಸೂರು ಕೆರೆಗೆ ಒಂದು ಸುತ್ತು ಹಾಕಿದರೆ ಏದುಸಿರು ಬಿಡುವವನು ನಾನು. ದೀಪಾವಳಿಯ ಪಟಾಕಿಗೆ ಕಿಟಕಿ ಮುಚ್ಚುವವನು. ನನ್ನನ್ನು ಕಂಡು ಯಾವ ಶತ್ರು ಹಿಂದೆ ಸರಿದಾನು?

ದೊಡ್ಡಪ್ಪ ಹಲಸೂರಿನ ಸ್ಯಾಪರ್ಸ್ ಪಡೆಯಲ್ಲಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡುವುದು ಅವರ ಕೆಲಸ. ದಾರಿಯಾಯಿತು, ಟ್ಯಾಂಕುಗಳು ದಾಟಿದವು. ಹಿಂದೆ ಬಿದ್ದಿದ್ದ ಗಾಯಾಳು ಗೆಳೆಯನನ್ನು ಎಳೆದು ತರಲು ದೊಡ್ಡಪ್ಪ ಮತ್ತೆ ಆ ನೆಲಕ್ಕೆ ಇಳಿದರು. ಅವನನ್ನು ಈಚೆಗೆ ದಬ್ಬಿದ ಮರುಗಳಿಗೆ ಕಾಲಡಿಯಲ್ಲಿ ಬಾಂಬು ಸಿಡಿದು ತೀರಿಕೊಂಡರು. ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿ ಅತ್ತವನು ಬದುಕುಳಿದ ಆ ಗೆಳೆಯನೇ.

ದೊಡ್ಡಪ್ಪನ ತಂಗಿ ಕಾಶಮ್ಮತ್ತೆ ಆಗ ಲಂಗ ತೊಡುವ ಹುಡುಗಿ. ಕೊನೆಯ ರಜೆಯಲ್ಲಿ ಅಣ್ಣ ಸೈಕಲ್ ಕಲಿಸಿದ್ದರು. ಅವಳು ಬಿದ್ದಾಗ ಬೇಕೆಂದೇ ತಾವೂ ಪಕ್ಕದಲ್ಲಿ ಬಿದ್ದು ನಗಿಸಿದ್ದರು. “ನಾನು ಮುದುಕಿ ಆಗ್ಬಿಟ್ಟೆ ಕಣೋ, ಅವನಿನ್ನೂ ಹುಡುಗನಾಗೇ ಇದಾನೆ. ಬೀದೀಲಿದ್ರೆ ದಿನಾ ನೋಡ್ತೀನಿ” ಎನ್ನುತ್ತಾ ಅತ್ತೆ, ಗೋಡೆಯಲ್ಲಿದ್ದ ದೊಡ್ಡಪ್ಪನ ಒಂದೇ ಒಂದು ಫೋಟೊವನ್ನು ಅರ್ಜಿಗೆಂದು ಇಳಿಸಿಕೊಟ್ಟರು. ಮೂಲಪ್ರತಿಯೇ ಬೇಕೆಂದು ತಾವು ಇಟ್ಟುಕೊಂಡಿರಿ. ತಿನ್ನುವ ದೋಸೆಯನ್ನೂ ಮೊಬೈಲಿನಲ್ಲಿ ಸೆರೆಹಿಡಿಯುವ ಮಹಾನುಭಾವನಾದ ನನಗೆ, ಇದರದೊಂದು ಚಿತ್ರ ತೆಗೆದುಕೊಳ್ಳಬೇಕೆಂದು ಹೊಳೆಯಲಿಲ್ಲ.

ಉದ್ಘಾಟನೆಯ ದಿನ ಪರದೆ ಸರಿಯಿತು. ಅತಿಥಿಗಳು ನನ್ನ ಮುಖಕ್ಕೆ ಹಾರ ಹಾಕಿ ಕಣ್ಣು ಒದ್ದೆ ಮಾಡಿಕೊಂಡರು. ಪಕ್ಕದಲ್ಲೇ ನಿಂತಿದ್ದ ನನಗೆ “ಸ್ವಲ್ಪ ಸರೀರಿ” ಎಂದರು. ಅತ್ತೆ ಫಲಕ ನೋಡಿದರು, ನನ್ನನ್ನು ನೋಡಿದರು. “ಜಗನ್, ನೀನ್ಯಾಕೋ ಅಲ್ಲಿದೀಯ? ಅಣ್ಣ ಎಲ್ಲಿ?” ಮರುದಿನ ಟೀ ಅಂಗಡಿಯ ಮುಕ್ತಾರ್, “ಜಗನ್ ಭಾಯ್, ಟೀ ಕೊಡ್ಲಾ, ಅಗರಬತ್ತಿ ಹಚ್ಲಾ?” ಎಂದ.

ತಮ್ಮ ಕಚೇರಿಗೆ ಬಂದೆ. “ಬೋರ್ಡಲ್ಲಿರೋದು ನೀವೇ ಅನ್ನೋದಕ್ಕೆ ಏನ್ರೀ ಪ್ರೂಫು?” ಎಂದರು ತಮ್ಮ ಸಿಬ್ಬಂದಿ. ಮುಖ ತೋರಿಸಿದೆ. “ಮುಖ ಎಲ್ಲಾ ನಡೆಯಲ್ಲ. ಬದುಕಿದೀರ ಅಂತ ಸರ್ಟಿಫಿಕೇಟ್ ತನ್ನಿ.” ಇಷ್ಟು ವರ್ಷ ಬದುಕಿದ್ದೇನೆ ನಿಜ. ಆದರೆ ಪ್ರಮಾಣಪತ್ರ ಕೊಡುವಂಥದ್ದೇನು ಸಾಧಿಸಿದ್ದೇನೆ? ದೊಡ್ಡಪ್ಪನ ಫೋಟೊ ಕೇಳಿದೆ. “ಎಲ್ಲೋ ಇರುತ್ತೆ, ನೋಡ್ಬೇಕು.”

ಮೊನ್ನೆ ಅತ್ತೆ ಮೈದಾ ಅಂಟು ಕಲಸಿ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನನ್ನ ಮುಖದ ಮೇಲೆ ಅಂಟಿಸಿದರು. ಸ್ಟೂಲ್ ಹಿಡಿದುಕೊಂಡಿದ್ದವನು ನಾನೇ. “ಮುಖ ಇಲ್ದಿದ್ರೆ ಇಲ್ಲ. ಬೇರೆಯವರ ಮುಖ ಬೇಡ” ಎನ್ನುತ್ತಾ, ಅಣ್ಣನ ಹೆಸರಿನ ಮೇಲೆ ಸುರಿದಿದ್ದ ಅಂಟನ್ನು ಸೆರಗಿನಿಂದ ಒಂದೊಂದೇ ಅಕ್ಷರವಾಗಿ ಒರೆಸಿದರು.

ಫಲಕ ವಿರೂಪಗೊಳಿಸಿದ್ದಕ್ಕೆ ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ. ಹೊಸ ಫಲಕ ತಡವಾದರೂ ಆಗಲಿ. ಆ ಫೋಟೊವನ್ನು ಮಾತ್ರ ಈ ವಾರವೇ ಹುಡುಕಿಸಿ. ಅಂಚೆಗೆ ಹಾಕಬೇಡಿ, ತಾವೇ ತನ್ನಿ. ಅದನ್ನು ಕೈಗೆ ತೆಗೆದುಕೊಳ್ಳುವಾಗ ಕಾಶಮ್ಮತ್ತೆಯ ಮುಖ ಹೇಗಾಗುತ್ತದೆಂದು ತಾವೂ ಒಮ್ಮೆ ನೋಡಬೇಕು.

ಇಂತಿ,
ಇನ್ನೂ ಉಸಿರಾಡುತ್ತಿರುವುದಕ್ಕೆ ತಮ್ಮ ಕಚೇರಿಯ ಕ್ಷಮೆ ಕೋರುವ
ಜಗನ್, ಮರ್ಫಿ ಟೌನ್