ವಾಕ್ಯ ಕಳೆದುಕೊಂಡ ಪದ

೨೩೯೧ನೇ ಇಸವಿ, ಫೆಬ್ರವರಿ ಹದಿಮೂರು
ಬೆಳಗಿನ ಜಾವ ಮೂರೂ ಇಪ್ಪತ್ತು

ಹಿರಿಯರಿಗೆ ನಮಸ್ಕಾರ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಲದಲ್ಲಿ ಹಿಂದಕ್ಕೆ ಕಾಗದ ಒಯ್ಯುವ ನಮ್ಮ ಹಿನ್ನಂಚೆಗೆ ಒಂದೇ ಹಾಳೆ ಹಿಡಿಸುತ್ತದೆ, ತಿದ್ದಿ ಬರೆಯಲು ಸಮಯವೂ ಇಲ್ಲ.

ನನ್ನ ಮಗಳು ಸಂಪಿ ಹುಟ್ಟಿ ಐದು ತಿಂಗಳಾಯಿತು, ಅಂದಿನಿಂದ ನನಗೆ ನಿದ್ದೆಯೆಂಬುದಿಲ್ಲ. ಈ ರಾತ್ರಿ ಆಗಷ್ಟೇ ಕಣ್ಣು ಹತ್ತಿತ್ತು. ಊರ ಮೇಲಿನ ಅಣೆಕಟ್ಟಿನಲ್ಲಿರುವ ಧ್ವನಿವರ್ಧಕದ ಕಂಬ ಮಾತಾಡಿತು. ಅದು ಮಾತಾಡಿದ್ದನ್ನು ಇಲ್ಲಿ ಬದುಕಿರುವ ಯಾರೂ ಕೇಳಿಲ್ಲ. ಹೆಂಗಸಿನ ದನಿ, ಒಂದೇ ಇಂಗ್ಲಿಷ್ ಪದ: ಇವ್ಯಾಕ್ಯುಯೇಟ್. ತುಸು ಬಿಟ್ಟು ಮತ್ತೆ ಅದೇ.

ಕನ್ನಡದಲ್ಲಿ ಬೆರೆತುಹೋದ ಫೋನ್, ಕಾಲೇಜಿನಂಥವು ಬಿಟ್ಟರೆ ಇಂಗ್ಲಿಷ್ ಈಗ ಯಾರ ಬಾಯಲ್ಲೂ ಇಲ್ಲ. ಉಳಿದ ಪದಗಳನ್ನು ಮನೆಗೊಂದರಂತೆ ಹಂಚಿದ್ದಾರೆ. ಪದ, ಅರ್ಥ, ಅದನ್ನು ಬಳಸಿದ ಒಂದು ವಾಕ್ಯ, ಇಷ್ಟನ್ನು ಆ ಮನೆಯವರು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು. ಕಂಬದ ಪದ ನನ್ನ ಅತ್ತೆ ತಂಗೆವ್ವನ ತವರಿನ ಪಾಲು. ಅದನ್ನು ಬರೆದಿಟ್ಟಿದ್ದ ಅವರ ಹಾಳೆಯ ಕೆಳಭಾಗ ಗೆದ್ದಲಿಗೆ ಹೋಯಿತು. 'ಖಾಲಿ ಮಾಡು' ಎಂಬ ಅರ್ಥ ಉಳಿಯಿತು, ವಾಕ್ಯ ಹೋಯಿತು. ಏನನ್ನು ಖಾಲಿ ಮಾಡಬೇಕು ಎಂದು ಕಾಲೇಜಿನಲ್ಲಿ ಕೇಳಿದ್ದೆ. ಮಾಸ್ತರರು ಮುಂದಿನ ಪದಕ್ಕೆ ಹೋದರು. ಕೊಡಗಳನ್ನು ಎಂದು ಊರು ಎಂದೋ ತೀರ್ಮಾನಿಸಿಬಿಟ್ಟಿದೆ. ವರ್ಷಕ್ಕೊಮ್ಮೆ, ಕಂಬ ಕೂಗಿದಾಗ ಮಾಡಬೇಕಾದ್ದರ ಅಭ್ಯಾಸದ ದಿನ, ಎಲ್ಲರೂ ಕೊಡ, ಹಂಡೆ ಬಗ್ಗಿಸುತ್ತಾರೆ. ಒದ್ದೆ ಅಂಗಳದಲ್ಲಿ ಮಕ್ಕಳು ಜಾರಿ ಬಿದ್ದು ನಗುತ್ತವೆ.

ಈಗಲೂ ಬೀದಿಯುದ್ದಕ್ಕೂ ಅದನ್ನೇ ಮಾಡಿದರು. "ಅತ್ತಿ, ಕೊಡ ಅಲ್ಲ, ಮನೀನ ಇರಬಹುದು," ಅಂದೆ.

"ಕಾಲೇಜ್ ಕಲ್ತಾಕಿ ಬಂದ್ಲು ನೋಡು. ಹಂಡೆ ಹಿಡಿ ಬಾ. ನಮ್ಮ ಅಜ್ಜಿಗಿಂತ ನಿನಗ ಹೆಚ್ಚು ಗೊತ್ತೈತೇನು?"

ಹಿಡಿದೆ. ಸಂಪಿಗೆ ಮೂರು ದಿನದಿಂದ ಜ್ವರ. ಈ ಚಳಿಯಲ್ಲಿ ಅವಳನ್ನೆತ್ತಿಕೊಂಡು ಮನೆ ಬಿಟ್ಟು ಗುಡ್ಡ ಹತ್ತಿ, ಆಮೇಲೆ ನನ್ನ ಊಹೆಯೇ ತಪ್ಪಾಗಿದ್ದರೆ?

ಹಂಡೆಗಳೆಲ್ಲ ಬರಿದಾಗಿ ಬಹಳ ಹೊತ್ತಾಯಿತು. ಬಾಗಿಲುಗಳು ಮುಚ್ಚಿವೆ, ಅತ್ತೆ ಮತ್ತೆ ಮಲಗಿದ್ದಾರೆ. ಬೀದಿಯಲ್ಲಿ ಯಾರೂ ಏನನ್ನೂ ಸುರಿಯುತ್ತಿಲ್ಲ. ಆದರೂ ನೀರಿನ ಸದ್ದು ನಿಂತಿಲ್ಲ.

ನಿಮ್ಮ ಕಾಲದಲ್ಲಿ ಈ ಪದ ಶಾಲೆಯ ಮಕ್ಕಳಿಗೂ ಬರುತ್ತಿತ್ತಂತೆ. ಅರ್ಥ ಬೇಡ, ಅದು ನಮ್ಮಲ್ಲಿದೆ. ಸ್ವಂತ ವಾಕ್ಯದಲ್ಲಿ ಬಳಸಿ ಹೇಳಿ, ಒಂದೇ ಒಂದು ವಾಕ್ಯ. ನಮ್ಮ ಫೋನಿಗೆ ನಿಮ್ಮ ಕಾಲದ ಕರೆಯೂ ಬರುತ್ತದೆ, ನಂಬರ್ ಲಕೋಟೆಯ ಮೇಲಿದೆ. ಮಗುವನ್ನು ಎದೆಗೆ ಕಟ್ಟಿಕೊಂಡು ಫೋನಿನ ಪಕ್ಕದಲ್ಲೇ ನಿಂತಿದ್ದೇನೆ. ಬೆಳಗಾಗುವುದರೊಳಗೆ ಫೋನ್ ಮಾಡಿ. ದಯವಿಟ್ಟು, ಬೆಳಗಾಗುವುದರೊಳಗೆ.